ಬಣ್ಣ ಬಿಡದ ಗೋರಂಟಿ

ಬೆಂಗಳೂರು ಪೂರ್ವ ವಲಯದ ಸಾವಯವ ಪರಿಶೀಲನಾ ಕಚೇರಿಯ ವ್ಯಾಪ್ತಿಯಲ್ಲಿ ಸಾವಯವ ಬೇಸಾಯಕ್ಕೆ ಒಳಪಟ್ಟಿರುವ ಒಟ್ಟು ಪ್ರದೇಶವು, ಇಲಾಖಾ ವರದಿಯಂತೆ, ಹನ್ನೊಂದು ಹೂಕುಂಡಗಳು. ಹನ್ನೊಂದೂ ಕಚೇರಿಯದೇ ಬಾಲ್ಕನಿಯಲ್ಲಿದ್ದವು. ನಾಲ್ಕರಲ್ಲಿ ಪುದೀನ, ಮೂರರಲ್ಲಿ ಕೊತ್ತಂಬರಿ, ಎರಡರಲ್ಲಿ ದೊಡ್ಡಪತ್ರೆ, ಒಂದರಲ್ಲಿ ಕರಿಬೇವು. ಉಳಿದ ಒಂದರಲ್ಲಿ ಬೆಳೆದಿರುವುದು ಏನೆಂಬುದು ಪರಿಶೀಲನೆಯಲ್ಲಿತ್ತು.

ಕಚೇರಿ ಇದ್ದದ್ದು ಹಲಸೂರಿನಲ್ಲಿ, ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಅದನ್ನು ತೆರೆದ ಕಾಲಕ್ಕೆ ಕೃಷ್ಣರಾಜಪುರದ ಆಸುಪಾಸಿನಲ್ಲಿ ರಾಗಿ, ಅವರೆ, ದ್ರಾಕ್ಷಿ ಎಲ್ಲ ಇದ್ದವು. ಆಮೇಲೆ ಹೊಲಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾದವು. ಕಚೇರಿ ಮಾತ್ರ ಕಚೇರಿಯಾಗಿಯೇ ಉಳಿಯಿತು. ಅದರಲ್ಲಿ ಮೂವರು ಇದ್ದರು. ಸಹಾಯಕ ನಿರ್ದೇಶಕ ಶ್ರೀರಾಮಪ್ಪ, ಕ್ಷೇತ್ರ ಪರಿಶೀಲಕ ಸುಗತ, ಮತ್ತು ಹೊರಗುತ್ತಿಗೆಯ ಮುನಿಶಾಮಮ್ಮ. ಕುಂಡಗಳಿಗೆ ನೀರು ಹಾಕುವುದು, ಟೀ ತರುವುದು, ಕಡತ ಹುಡುಕಿಕೊಡುವುದು ಮುನಿಶಾಮಮ್ಮನ ಕೆಲಸ. ಹದಿನೈದು ವರ್ಷದಿಂದ ಆಕೆ ಅಲ್ಲಿ ತಾತ್ಕಾಲಿಕವಾಗಿದ್ದಳು.

ಸುಗತ ಮರ್ಫಿ ಟೌನಿನವನು. ಮನೆಯಿಂದ ಕಚೇರಿಗೆ ನಡೆದೇ ಬರುತ್ತಿದ್ದ. ಕ್ಷೇತ್ರ ಪರಿಶೀಲಕನಾದ ಮೇಲೆ ದಿನವೂ ಕ್ಷೇತ್ರಕ್ಕೆ ಹೋಗಬೇಕೆಂಬ ನಿಯಮವಿದ್ದುದರಿಂದ ಹನ್ನೊಂದು ಗಂಟೆಗೆ ಬಾಲ್ಕನಿಗೆ ಹೋಗಿ, ಕುಂಡಗಳನ್ನು ನೋಡಿ, ವಾಪಸು ಬಂದು ಪುಸ್ತಕದಲ್ಲಿ ಸಹಿ ಮಾಡುತ್ತಿದ್ದ. ಸುಳ್ಳು ಬರೆಯುವ ಜಾಯಮಾನ ಅವನದಲ್ಲ. ಕೃಷಿ ಪದವಿ ಓದುವಾಗ ಅವನನ್ನು ಅಳಿಸಿದ್ದು ಒಂದೇ ವಿಷಯ, ಸಾವಯವ ರಸಾಯನಶಾಸ್ತ್ರ. ಎರಡನೇ ಸಲ ಕೂತು ಎರಡು ಅಂಕದಲ್ಲಿ ಪಾರಾಗಿದ್ದ. ಇನ್ನು ಈ ಜನ್ಮದಲ್ಲಿ ಅದರ ಸಹವಾಸವಿಲ್ಲ ಎಂದುಕೊಂಡಿದ್ದ.

ದೀಪಾವಳಿ ಮುಗಿದ ವಾರ ಸಾವಯವ ಮಂಡಳಿಯ ಕೇಂದ್ರ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಪ್ರಸಕ್ತ ಸಾಲಿನಲ್ಲಿ ಕನಿಷ್ಠ ಒಂದಾದರೂ ದೃಢೀಕರಣ ಪತ್ರ ನೀಡದ ಕಚೇರಿಗಳನ್ನು ಮುಚ್ಚಿ ಕೋಲಾರದ ಕಚೇರಿಯಲ್ಲಿ ವಿಲೀನಗೊಳಿಸಲಾಗುವುದು; ಅಂತಹ ಕಚೇರಿಯ ಪೀಠೋಪಕರಣ, ಬೀರುಗಳು ಹಾಗೂ ಖಾಯಂ ನೌಕರರನ್ನು ಸುರಕ್ಷಿತವಾಗಿ ಸಾಗಿಸತಕ್ಕದ್ದು.

ಮುನಿಶಾಮಮ್ಮ ಅದನ್ನು ಓದಿಸಿ ಕೇಳಿದಳು. "ನಾನು ಯಾವುದ್ರಾಗೆ ಬತ್ತೀನಿ ಸಾ?"

ಸುಗತ ಸುತ್ತೋಲೆಯನ್ನು ಇನ್ನೊಮ್ಮೆ ಮೊದಲಿನಿಂದ ಓದಿದ. ಆಕೆ ಯಾವುದರಲ್ಲೂ ಬರುತ್ತಿರಲಿಲ್ಲ. "ಪೀಠೋಪಕರಣದಲ್ಲಿ ಸೇರಿಸೋಕಾಗುತ್ತಾ ನೋಡ್ತೀನಿ ಅಕ್ಕಾ," ಎಂದ.

"ನೋಡಿ ಸಾ. ಬೀರು ಆದ್ರೂ ಆಯ್ತದೆ," ಎಂದು ಆಕೆ ಕುಂಡಗಳಿಗೆ ನೀರು ಹಾಕಲು ಹೋದಳು.

ಆ ದಿನ ಸುಗತನಿಗೆ ಊಟ ಸೇರಲಿಲ್ಲ. ಬಾಲ್ಕನಿಯ ಕುಂಡಗಳಿಗೇ ಒಂದು ದೃಢೀಕರಣ ಕೊಟ್ಟರೆ ಹೇಗೆ ಎಂದು ಸಾಹೇಬರನ್ನು ಕೇಳಿದ. ಕಚೇರಿಯು ತನಗೆ ತಾನೇ ಅರ್ಜಿ ಹಾಕಿಕೊಳ್ಳುವಂತಿಲ್ಲ ಎಂದು ಶ್ರೀರಾಮಪ್ಪ ನಿಯಮ ತೋರಿಸಿದರು. ತೋರಿಸುವಾಗ ಅವರಿಗೂ ಬೇಸರವೇ ಆಯಿತು. ಅವರ ಮನೆ ಹೊರಮಾವಿನಲ್ಲಿತ್ತು. ನಿವೃತ್ತಿಗೆ ಇನ್ನು ಎರಡು ವರ್ಷವಿತ್ತು. ಕೋಲಾರಕ್ಕೆ ಹೋಗಿ ಬರಲು ಸೊಂಟ ಒಪ್ಪುತ್ತಿರಲಿಲ್ಲ.

ಜನವರಿಯಲ್ಲಿ ಅರ್ಜಿಯೊಂದು ಬಂತು. ಕಂಪ್ಯೂಟರಿನಲ್ಲಿ ಅದನ್ನು ಕಂಡ ಸುಗತ ಎರಡೆರಡು ಸಲ ಓದಿದ. ಅರ್ಜಿದಾರರು: ಡಾ. ಸಿದ್ರಾ. ಸ್ಥಳ: ಕೃಷ್ಣರಾಜಪುರ. ಕಚ್ಚಾವಸ್ತು: ಗೋರಂಟಿ ಸೊಪ್ಪು. ಉತ್ಪನ್ನ: ಸಾವಯವ ಕ್ಯಾಥೋಡ್.

ಮಾರನೆಯ ದಿನ ಅರ್ಜಿದಾರಳೇ ಬಂದಳು. ಮೂವತ್ತರ ಆಸುಪಾಸಿನ ಹೆಂಗಸು. ಬೆರಳ ತುದಿಗಳೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ಅವಳ ತಂದೆ ಗಯಾಜ್ ಅವರದು ಶಿವಾಜಿನಗರದಲ್ಲಿ ಮೆಹಂದಿ ಪುಡಿಯ ವ್ಯಾಪಾರ. ಅವಳು ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ಕೆ.ಆರ್.ಪುರದ ಸಂತೆ ಹಿಂದೆ ಒಂದು ಶೆಡ್ಡು ಹಿಡಿದಿದ್ದಳು.

"ಸರ್, ನನ್ನ ಅರ್ಜಿ ತಪ್ಪಿ ಇಲ್ಲಿಗೆ ಬಂದಿದೆ. ಕೈಗಾರಿಕೆಯವರಿಗೆ ಹೋಗಬೇಕಿತ್ತು," ಎಂದಳು. "ನಾನು ಬ್ಯಾಟರಿ ಸಾಮಾನು ಮಾಡೋಳು. ಮೊಬೈಲು, ಸ್ಕೂಟರು, ಎಲ್ಲಾ ಲಿಥಿಯಂ ಬ್ಯಾಟರೀಲೂ ಪ್ಲಸ್ ಕಡೆ ಒಂದು ಪುಡಿ ಇರುತ್ತೆ. ಅದೇ ಕ್ಯಾಥೋಡ್. ಚಾರ್ಜ್ ಖರ್ಚಾಗ್ತಾ ಲಿಥಿಯಂ ಬಂದು ಆ ಪುಡೀಲಿ ಕೂರುತ್ತೆ. ಮತ್ತೆ ಚಾರ್ಜ್ ಮಾಡಿದ್ರೆ ಎದ್ದು ಹೋಗುತ್ತೆ. ಈಗ ಆ ಪುಡೀನ ಕೋಬಾಲ್ಟು, ನಿಕಲ್ಲು ಅಂತ ಗಣಿಯಿಂದ ತಂದ ಲೋಹದಲ್ಲಿ ಮಾಡ್ತಾರೆ. ನಾನು ಮೆಹಂದಿ ಎಲೆಯ ಬಣ್ಣದಿಂದ ಮಾಡ್ತೀನಿ. ಅದು ಇಂಗಾಲದ ಸಂಯುಕ್ತ. ಅಂಥದ್ದನ್ನೆಲ್ಲ ರಸಾಯನಶಾಸ್ತ್ರದಲ್ಲಿ ಸಾವಯವ ಅಂತಲೇ ಕರೆಯೋದು. ಫಾರಂನಲ್ಲಿ 'ಉತ್ಪನ್ನವು ಸಾವಯವವೇ' ಅಂತ ಕೇಳಿದ್ರು. ಹೌದಲ್ಲ ಅಂತ ಹೌದು ಅಂದೆ."

ಇಂಗಾಲದ ಸಂಯುಕ್ತ ಎಂಬ ಮಾತು ಕೇಳಿ ಸುಗತನಿಗೆ ಎರಡು ಸಲ ಕೂತ ಪರೀಕ್ಷೆ ನೆನಪಾಯಿತು. ಆದರೂ ಅವನು ನ್ಯಾಯವಾಗಿಯೇ ನಡೆದುಕೊಂಡ. ಅರ್ಜಿಯು ತಪ್ಪಾಗಿ ಬಂದಿರುವುದರಿಂದ ಕೈಗಾರಿಕೆಯವರಿಗೆ ಕಳುಹಿಸಬಹುದು ಎಂದು ಟಿಪ್ಪಣಿ ಬರೆದು ಸಾಹೇಬರ ಮುಂದಿಟ್ಟ.

ಶ್ರೀರಾಮಪ್ಪ ಕನ್ನಡಕ ಹಾಕಿಕೊಂಡು ಓದಿದರು. "ತಪ್ಪಾಗಿ ಬಂದಿದೆ ಅಂತ ಬರೆದಿದ್ದೀರಲ್ರೀ. ಯಾವ ನಿಯಮದ ಪ್ರಕಾರ ತಪ್ಪು?"

"ಸರ್, ಇದು ಬ್ಯಾಟರಿ."

"ಬ್ಯಾಟರಿ ಬೇಡ ಅಂತ ಎಲ್ಲಿದೆ?" ಅವರು ಅಧಿನಿಯಮದ ಪುಸ್ತಕ ತೆಗೆದು ವ್ಯಾಖ್ಯೆಯ ಪುಟಕ್ಕೆ ಬೆರಳಿಟ್ಟರು. ಅಲ್ಲಿ ಹೀಗಿತ್ತು: 'ಸಾವಯವ ಪದಾರ್ಥ' ಎಂದರೆ ಸಾವಯವವಾಗಿರುವ ಪದಾರ್ಥ ಎಂದು ಅರ್ಥ. "ಈಗ ಹೇಳಿ. ಇದು ಸಾವಯವ ಹೌದೋ ಅಲ್ವೋ?"

"ರಸಾಯನಶಾಸ್ತ್ರದ ಪ್ರಕಾರ ಹೌದು ಸರ್."

"ಹಂಗಾದ್ರೆ ಶಾಸ್ತ್ರೋಕ್ತವಾಗೇ ಇದೆ," ಎಂದು ಸಾಹೇಬರು ಟಿಪ್ಪಣಿಯ ಮೇಲೆ 'ಪರಿಶೀಲಿಸಿ' ಎಂದು ಷರಾ ಬರೆದರು. ಬರೆದ ಮೇಲೆ, ತುಂಬ ದಿನಗಳ ನಂತರ, ಎರಡು ಟೀ ಹೇಳಿದರು.

ಅರ್ಜಿಯನ್ನು ಹಿಂತೆಗೆದುಕೊಳ್ಳಲಾದರೂ ಬಿಡಿ ಎಂದು ಸಿದ್ರಾ ಕೇಳಿದಳು. ಅದಕ್ಕೆ ಅವಕಾಶವಿತ್ತು. ಹತ್ತೊಂಬತ್ತನೇ ನಮೂನೆ ತುಂಬಬೇಕು. ಅದರ ಮೊದಲ ಕಾಲಮ್ಮಿನಲ್ಲಿ ದೃಢೀಕರಣ ಪತ್ರದ ಸಂಖ್ಯೆ ನಮೂದಿಸಬೇಕು.

"ಅಂದ್ರೆ, ಸರ್ಟಿಫಿಕೇಟ್ ಕೊಟ್ಟ ಮೇಲೆ ನಾನು ಸರ್ಟಿಫಿಕೇಟ್ ಬೇಡ ಅನ್ನಬಹುದು," ಎಂದಳು ಸಿದ್ರಾ.

"ಹೌದು ಮೇಡಂ. ಅದಕ್ಕೇ ಒಂದು ಕೌಂಟರ್ ಇದೆ," ಎಂದ ಸುಗತ. ಕೌಂಟರಿನ ಹಿಂದೆ ಮುನಿಶಾಮಮ್ಮ ಕೊತ್ತಂಬರಿ ಸೋಸುತ್ತಿದ್ದಳು.

ಸಿದ್ರಾಳಿಗೆ ಬೇರೆ ದಾರಿ ಇರಲಿಲ್ಲ. ಈ ಅರ್ಜಿ ಇತ್ಯರ್ಥವಾಗುವ ತನಕ ಅವಳ ಹೆಸರಿನಲ್ಲಿ ಇನ್ನೊಂದು ಅರ್ಜಿಯನ್ನು ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲ. ವೈಟ್‌ಫೀಲ್ಡಿನ ಒಂದು ಬ್ಯಾಟರಿ ಕಂಪನಿಯವರು ಏಪ್ರಿಲ್ ಒಳಗೆ ಸರ್ಕಾರದ ಕಾಗದ ಮತ್ತು ಮೊಹರು ಮಾಡಿದ ಮಾದರಿ ಎರಡನ್ನೂ ತಂದುಕೊಟ್ಟರೆ ನೋಡುತ್ತೇವೆ ಎಂದಿದ್ದರು. ಎರಡು ವರ್ಷ ಒಬ್ಬಳೇ ಮಾಡಿದ ಕೆಲಸ. "ಪರಿಶೀಲನೆಗೆ ಯಾವಾಗ ಬರ್ತೀರಿ ಸರ್?" ಎಂದು ಕೇಳಿ ಹೊರಟಳು.

ಸುಗತ ಸೋಮವಾರ ಬಸ್ಸು ಹತ್ತಿ, ತೂಗುಸೇತುವೆಯ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತು, ಶೆಡ್ಡು ತಲುಪಿದ. ಒಂಬತ್ತು ವರ್ಷದಲ್ಲಿ ಅದೇ ಮೊದಲ ಬಾರಿ ಅವನು ಬಾಲ್ಕನಿ ಬಿಟ್ಟು ಕ್ಷೇತ್ರಕ್ಕೆ ಹೋದದ್ದು. ಕೈಯಲ್ಲಿ ಜಮೀನು ಪರಿಶೀಲನೆಯ ನಮೂನೆ ಇತ್ತು. ಬೇರೆ ನಮೂನೆ ಇರಲಿಲ್ಲ.

"ಬೆಳೆ ಯಾವುದು ಅಂತ ಬರೀಲಿ ಮೇಡಂ?"

"ಕ್ವಿನೋನ್ ಅಂತಾರೆ ಸರ್ ಇದನ್ನ."

"ಏಕದಳವೋ, ದ್ವಿದಳವೋ?"

ಸಿದ್ರಾ ಯೋಚಿಸಿ, "ಅಣುವಿನಲ್ಲಿ ಎರಡು ಉಂಗುರ ಇದೆ," ಎಂದಳು. ಸುಗತ ದ್ವಿದಳ ಎಂದು ಬರೆದುಕೊಂಡ.

ಮುಂದಿನ ಕಾಲಮ್ಮು ಒಳಸುರಿಗಳದು, ಎಂದರೆ ಬೆಳೆಗೆ ಹಾಕುವ ಗೊಬ್ಬರ ಇತ್ಯಾದಿ. ಈ ಪುಡಿ ತಾನಾಗಿ ವಿದ್ಯುತ್ತನ್ನು ಸಲೀಸಾಗಿ ಹರಿಯಗೊಡುವುದಿಲ್ಲ, ಅದಕ್ಕೆ ನುಣ್ಣನೆಯ ಇದ್ದಿಲ ಮಸಿ ಬೆರೆಸಬೇಕು ಎಂದು ಅವಳು ಕಪ್ಪು ಡಬ್ಬಿ ತೋರಿಸಿದಳು. ಇದ್ದಿಲು ಅನುಮತಿಸಲಾದ ಗೊಬ್ಬರಗಳ ಪಟ್ಟಿಯಲ್ಲಿತ್ತು. ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯೊಂದಿತ್ತು. ಗಾಳಿ, ತೇವ ಸೋಕದಂತೆ ಬೇರೆ ಅನಿಲ ತುಂಬಿ, ಹೊರಗಿನಿಂದ ರಬ್ಬರ್ ಕೈಗವಸಿನಲ್ಲಿ ಕೈ ತೂರಿಸಿ ಅವಳು ಅದರೊಳಗೆ ಬಟ್ಟೆಯ ಗುಂಡಿಯಷ್ಟು ಪುಟ್ಟ ಬ್ಯಾಟರಿಗಳನ್ನು ಜೋಡಿಸುತ್ತಿದ್ದಳು. ಸುಗತ ಅದರ ಸುತ್ತ ಒಮ್ಮೆ ನಡೆದು ನೋಡಿ, ಪಾಲಿಹೌಸ್, ಒಂದು, ಸುಸ್ಥಿತಿಯಲ್ಲಿದೆ ಎಂದು ದಾಖಲಿಸಿದ.

"ರೋಗ, ಕೀಟಬಾಧೆ ಏನಾದ್ರೂ?"

"ಕರಗೋ ಬಾಧೆ ಇದೆ ಸರ್," ಎಂದಳು. ಅದನ್ನು ಹೇಳುವಾಗ ಅವಳ ದನಿ ಇಳಿಯಿತು. "ಬ್ಯಾಟರಿ ಒಳಗೆ ಒಂದು ದ್ರಾವಣ ಇರುತ್ತಲ್ಲ, ಅದಕ್ಕೆ ಈ ಬಣ್ಣ ಬಿಟ್ಕೊಳ್ಳುತ್ತೆ. ಬಿಸಿನೀರಿಗೆ ಟೀ ಬಿಟ್ಕೊಂಡ ಹಾಗೆ. ನಲವತ್ತು ಸಲ ಚಾರ್ಜ್ ಮಾಡೋ ಹೊತ್ತಿಗೆ ಪುಡಿಯೆಲ್ಲ ಹೊರಗೆ ಹೋಗಿರುತ್ತೆ. ಈ ಥರ ಕ್ಯಾಥೋಡ್ ಮಾಡೋರಿಗೆಲ್ಲ ಇರೋ ತಲೆನೋವೇ ಇದು. ಈಗ ಅಣುಗಳನ್ನ ಸರಪಣಿ ಥರ ಒಂದಕ್ಕೊಂದು ಹೆಣೆದು ನೋಡಿದೀನಿ. ಹೆಣೆದ್ರೆ ಕರಗಬಾರದು. ಕರಗುತ್ತೋ ಇಲ್ವೋ, ಇನ್ನೂ ಧೈರ್ಯವಾಗಿ ಹೇಳೋಕಾಗಲ್ಲ."

ಅವಳ ಮುಖ ನೋಡಿ ಸುಗತನಿಗೆ ಏನಾದರೂ ಒಳ್ಳೆಯ ಮಾತು ಬರೆಯಬೇಕೆನ್ನಿಸಿತು. ಬೇರುಕೊಳೆಯನ್ನು ಹೋಲುವ ಬಾಧೆ. ಬೆಳೆಗಾರರು ಸ್ವಂತ ಪರಿಶ್ರಮದಿಂದ ಹತೋಟಿ ಕ್ರಮ ಕೈಗೊಂಡಿರುತ್ತಾರೆ ಎಂದು ಬರೆದ.

ಜಾನುವಾರು ಎಂಬ ಕಾಲಮ್ಮಿನಲ್ಲಿ ಇಬ್ಬರೂ ತಡೆದರು. ಕನಿಷ್ಠ ಒಂದು ಇರಲೇಬೇಕು. ಸೊನ್ನೆ ಹಾಕಿದರೆ ಕಂಪ್ಯೂಟರು ಮುಂದಕ್ಕೆ ಬಿಡುವುದಿಲ್ಲ. ಅಷ್ಟು ಹೊತ್ತಿಗೆ ಬಾಗಿಲಲ್ಲಿ ಒಂದು ಕಂದು ಹಸು ಬಂದು ನಿಂತಿತು. ಬಣ್ಣ ತೆಗೆದ ಮೇಲೆ ಉಳಿದ ಸೊಪ್ಪಿನ ಚರಟವನ್ನು ಸಿದ್ರಾ ಬುಟ್ಟಿಯಲ್ಲಿ ಹೊರಗಿಡುತ್ತಿದ್ದಳು.

"ಯಾರದು ಇದು?"

"ಗೊತ್ತಿಲ್ಲ ಸರ್. ದಿನಾ ಹನ್ನೆರಡಕ್ಕೆ ಬಂದು ಮೂಸಿ ನೋಡುತ್ತೆ, ಎರಡು ಬಾಯಿ ತಿಂದು ಹೋಗುತ್ತೆ."

ಹಸು, ಒಂದು, ಅರೆಕಾಲಿಕ ಎಂದು ಸುಗತ ಬರೆದ. ಇಳುವರಿಯನ್ನು ಹೆಕ್ಟೇರಿನ ಲೆಕ್ಕದಲ್ಲಿ ಕೊಡಬೇಕಿತ್ತು. ಪುಡಿ ಒಣಗಿಸುವ ತಟ್ಟೆಯ ಉದ್ದಗಲ ಅಳೆದು, ಅದರಲ್ಲಿದ್ದ ಪುಡಿಯನ್ನು ತೂಗಿ, ಹೆಕ್ಟೇರಿಗೆ ಏರಿಸಿ ನೋಡಿದಾಗ ಬಂದ ಸಂಖ್ಯೆ ನಮೂನೆಯ ಚೌಕದಲ್ಲಿ ಹಿಡಿಸಲಿಲ್ಲ. ಅಂಚಿನಲ್ಲಿ ಸಣ್ಣಗೆ ಬರೆದ.

ಮಾರ್ಚ್ ಮೂರನೇ ವಾರ ಕೊನೆಯ ಹಂತ ಬಂತು: ರುಚಿ, ವಾಸನೆ ಮತ್ತು ಬಣ್ಣದ ಪರೀಕ್ಷೆ. ಅದಕ್ಕೆ ಮೂವರ ಸಮಿತಿ ಬೇಕು. ಮೂರನೆಯವರು ಖಾಯಂ ನೌಕರರಲ್ಲದ ಮಹಿಳೆಯಾಗಿರಬೇಕು ಎಂದು ನಿಯಮವಿತ್ತು. ಹಾಗಾಗಿ ಮುನಿಶಾಮಮ್ಮ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಸಾಹೇಬರ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಆ ಕುರ್ಚಿಯಲ್ಲಿ ಅವಳು ಕುಳಿತದ್ದು ಅದೇ ಮೊದಲು.

ಸಿದ್ರಾ ಎರಡು ಪೊಟ್ಟಣ ತಂದಿದ್ದಳು. ಒಂದರಲ್ಲಿ ಹಳೆಯ ಪುಡಿ, ಇನ್ನೊಂದರಲ್ಲಿ ಹೆಣೆದ ಹೊಸ ಪುಡಿ. ಶ್ರೀರಾಮಪ್ಪ ಚಮಚ ತರಿಸಿದರು.

"ತಿನ್ನೋ ಹಾಗಿಲ್ಲ ಸರ್," ಎಂದಳು ಸಿದ್ರಾ. "ಚೆನ್ನಾಗಿ ತೊಳೆದಿದೆ, ಕೈಗೆ ಸೋಕಿದ್ರೆ ಏನಾಗಲ್ಲ. ಬಾಯಿಗೆ ಬೇಡ."

ಸಾಹೇಬರು ಪುಸ್ತಕ ನೋಡಿದರು. ತಿನ್ನಲಾಗದ ಪದಾರ್ಥವನ್ನು ಅದರ ಮೂಲ ಬೆಳೆಯ ವಾಡಿಕೆಯ ಬಳಕೆಗೆ ಅನುಸಾರವಾಗಿ ಪರೀಕ್ಷಿಸತಕ್ಕದ್ದು ಎಂದಿತ್ತು. ಮೂಲ ಬೆಳೆ ಗೋರಂಟಿ. ಎಲ್ಲರೂ ಮುನಿಶಾಮಮ್ಮನ ಕಡೆ ನೋಡಿದರು.

ಅವಳು ತಾನೇ ಎರಡೂ ಪುಡಿಯನ್ನು ನೀರಲ್ಲಿ ಕಲಸಿ, ಎಡಗೈಗೆ ಹಳೆಯದು, ಬಲಗೈಗೆ ಹೊಸದು ಮೆತ್ತಿಕೊಂಡಳು. "ನನ್ ಮದ್ವೆಗೇ ಇಷ್ಟು ಹಚ್ಚಿರಲಿಲ್ಲ ಕಣಮ್ಮ," ಎಂದು ಸಿದ್ರಾಳಿಗೆ ಹೇಳಿದಳು. ಎರಡು ಗಂಟೆ ಹೊತ್ತು ಕಚೇರಿಯ ಕೆಲಸಗಳೆಲ್ಲ ನಿಂತವು. ಟೀ ತರುವವರೂ ಇರಲಿಲ್ಲ. ಆಮೇಲೆ ಅವಳು ಕೈ ತೊಳೆದು ಬಂದು ಮೇಜಿನ ಮೇಲೆ ಚಾಚಿದಳು. ಎಡಗೈ ಕೆಂಪಗೆ ರಂಗೇರಿತ್ತು. ಬಲಗೈ ಇದ್ದ ಹಾಗೇ ಇತ್ತು.

ಸಿದ್ರಾ ಆ ಬಲಗೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಯ್ದು ನೋಡಿದಳು. ಒದ್ದೆ ಹತ್ತಿಯಿಂದ ಉಜ್ಜಿದಳು. ಹತ್ತಿ ಬೆಳ್ಳಗೇ ಇತ್ತು. ಅವಳು ಕುರ್ಚಿಯಲ್ಲಿ ಕೂತು, ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು.

"ಬೇಜಾರು ಮಾಡ್ಕೋಬೇಡಿ," ಎಂದು ಶ್ರೀರಾಮಪ್ಪ ಸಮಾಧಾನ ಹೇಳಿದರು. "ಎಡಗೈದು ಚೆನ್ನಾಗಿ ಬಂದಿದೆಯಲ್ಲ. ಅದಕ್ಕೇ ಕೊಟ್ಬಿಡೋಣ."

"ಇಲ್ಲ ಸರ್, ಬಲಗೈದೇ ಸರಿಯಾಗಿರೋದು. ಬಣ್ಣ ಬಿಡ್ತಿಲ್ಲ, ನೋಡಿ. ಚರ್ಮಕ್ಕೇ ಬಿಡದೆ ಇರೋದು ಬ್ಯಾಟರೀಲೂ ಹಿಡ್ಕೊಂಡು ಕೂರುತ್ತೆ ಅಂತ ನನಗೀಗ ನಂಬಿಕೆ ಬಂತು."

"ಬಣ್ಣ ಬರದ ಗೋರಂಟಿಗೆ ನಾನು ಹೆಂಗಮ್ಮ ಸಹಿ ಹಾಕ್ಲಿ? ಆಡಿಟ್ಟಿನವರು ಕೇಳಿದ್ರೆ ಯಾರ ಕೈ ತೋರಿಸ್ಲಿ?"

"ನೀವು ಮೊಹರು ಮಾಡಿದ ಪುಡೀನೇ ಕಂಪನಿಯವರು ಪರೀಕ್ಷೆ ಮಾಡೋದು ಸರ್. ಎಡಗೈ ಪುಡಿ ಕೊಟ್ರೆ ನಲವತ್ತು ಸಲಕ್ಕೆ ಸತ್ತು ಹೋಗುತ್ತೆ. ನನ್ನ ಹೆಸರಲ್ಲಿ ಅದು ಹೋಗೋದು ಬೇಡ. ನನಗೆ ಬಲಗೈದು ಬೇಕು."

ಸುಗತ ಇಬ್ಬರ ಮಧ್ಯೆ ಕುಳಿತಿದ್ದ. ಎಡಗೈಗೆ ಒಂದು ಸಹಿ ಬಿದ್ದರೆ ಕಚೇರಿ ಉಳಿಯುತ್ತಿತ್ತು, ಎದುರಿಗೆ ಕೂತಿರುವ ಮುನಿಶಾಮಮ್ಮನೂ ಉಳಿಯುತ್ತಿದ್ದಳು. ಆ ಮಾತನ್ನು ಸಿದ್ರಾಳಿಗೆ ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಅವಳು ಇನ್ನೂ ಆ ಬಿಳಿ ಹತ್ತಿಯನ್ನು ಹಿಡಿದುಕೊಂಡಿದ್ದಳು. ಅವನು ಹೇಳಲಿಲ್ಲ. ಸಭೆಯನ್ನು ಒಂದು ವಾರ ಮುಂದೂಡಿಸಿ, ಮಂಡಳಿಯ ನಿಯಮಾವಳಿಯ ಒಂಬತ್ತು ಸಂಪುಟಗಳನ್ನು ಮೇಜಿನ ಮೇಲೆ ಇಳಿಸಿಕೊಂಡ.

ಆರನೇ ಸಂಪುಟದಲ್ಲಿ ಸಿಕ್ಕಿತು. ಅದು ಸಾವಯವ ಹತ್ತಿ ಬಟ್ಟೆಗಳ ಭಾಗ. ತೊಳೆದಾಗ ಬಣ್ಣ ಬಿಡದ ಸಾವಯವ ಪದಾರ್ಥವನ್ನು ಪ್ರಥಮ ದರ್ಜೆ ಎಂದು ಪರಿಗಣಿಸತಕ್ಕದ್ದು ಎಂದು ಅದರಲ್ಲಿತ್ತು. ಬಟ್ಟೆ ಎಂದು ಬರೆಯುವ ಕಡೆ ಬರೆದವರು ಪದಾರ್ಥ ಎಂದು ಬರೆದಿದ್ದರು. ಸುಗತ ಟಿಪ್ಪಣಿ ಬರೆದ: ಸದರಿ ಪದಾರ್ಥವು ಸಾವಯವ, ಸದರಿ ಪದಾರ್ಥವನ್ನು ಸಮಿತಿಯ ಎದುರು ತೊಳೆಯಲಾಗಿದೆ, ಬಣ್ಣ ಬಿಟ್ಟಿರುವುದಿಲ್ಲ. ಒಂದೊಂದು ಮಾತೂ ನಿಜವಾಗಿತ್ತು. ಎಲ್ಲವನ್ನೂ ಒಟ್ಟಿಗೆ ಓದಿದರೆ ಮಾತ್ರ ಏನೋ ಒಂದು ಥರ ಆಗುತ್ತಿತ್ತು. ಕಡತವನ್ನು ಒಟ್ಟಿಗೆ ಓದುವ ಪದ್ಧತಿ ಮಂಡಳಿಯಲ್ಲಿ ಇರಲಿಲ್ಲ.

ಶ್ರೀರಾಮಪ್ಪ ಟಿಪ್ಪಣಿಯನ್ನು ಎರಡು ದಿನ ಇಟ್ಟುಕೊಂಡರು. ಮೂರನೇ ದಿನ, ಮಾರ್ಚ್ ಇಪ್ಪತ್ತೆಂಟಕ್ಕೆ, ಪೂರ್ವ ವಲಯದ ದೃಢೀಕರಣ ಪತ್ರ ಹೊರಬಂತು: ಗೋರಂಟಿ, ಬಣ್ಣ ಬಿಡದ ತಳಿ, ಪ್ರಥಮ ದರ್ಜೆ. ಬಲಗೈಯ ಪುಡಿಗೆ ಅರಗಿನ ಮೊಹರು ಬಿತ್ತು. ಮುನಿಶಾಮಮ್ಮ ಸಮಿತಿ ಸದಸ್ಯೆಯಾಗಿ ಹೆಬ್ಬೆಟ್ಟು ಬೇಡವೆಂದು, ನಿಧಾನವಾಗಿ ಅಕ್ಷರ ಕೂಡಿಸಿ ಸಹಿ ಮಾಡಿದಳು.

ವಿಲೀನದ ಮಾತು ನಿಂತುಹೋಯಿತು. ಹೆಕ್ಟೇರುವಾರು ಇಳುವರಿಯಲ್ಲಿ ಪೂರ್ವ ವಲಯವು ರಾಜ್ಯಕ್ಕೇ ಮೊದಲನೆಯದಾಗಿ ಬಂದಿದ್ದರಿಂದ ಕೇಂದ್ರ ಕಚೇರಿಯಿಂದ ಪ್ರಶಂಸಾ ಪತ್ರ ಬಂತು. ಇತರ ವಲಯಗಳೂ ಇದೇ ತಳಿಯನ್ನು ಬಿತ್ತತಕ್ಕದ್ದು ಎಂದು ಸಲಹೆಯೂ ಬಂತು. ವೈಟ್‌ಫೀಲ್ಡಿನ ಕಂಪನಿಯವರು ಮಾದರಿಯನ್ನು ಪರೀಕ್ಷಿಸಿ ನೋಡಿದರು. ಆರುನೂರು ಸಲ ಚಾರ್ಜ್ ಮಾಡಿದ ಮೇಲೂ ಅದು ಬದುಕಿತ್ತು. ತಿಂಗಳಿಗೆ ಇಷ್ಟು ಎಂದು ಕೊಳ್ಳಲು ಒಪ್ಪಿಕೊಂಡರು. ಇನ್ನು ಉಳಿದದ್ದು ಕಾರ್ಖಾನೆಯ ಪರವಾನಗಿ. ಸಿದ್ರಾ ಕೈಗಾರಿಕೆಯವರನ್ನು ಕೇಳಿದಾಗ, ದೃಢೀಕೃತ ಬೆಳೆಗಾರರಿಗೆ ಪರವಾನಗಿಯ ಅಗತ್ಯವಿರುವುದಿಲ್ಲ ಎಂದು ಲಿಖಿತ ಉತ್ತರ ಬಂತು. ಶಿವಾಜಿನಗರದ ಅಂಗಡಿಯಲ್ಲಿ ಗಯಾಜ್ ಆ ಕಾಗದವನ್ನು ಓದಿ, "ಅಂದ್ರೆ ನಾವೀಗ ರೈತರಾ ಬೇಟಿ?" ಎಂದು ಕೇಳಿದರು. ಹೌದು ಎಂದಳು. ಅವರು ಕಾಗದಕ್ಕೆ ಚೌಕಟ್ಟು ಹಾಕಿಸಿದರು.

ಬೆಳೆಗಾರಳೆಂಬ ಹೆಸರು ಸರಿಕಾಣದೆ, ಪತ್ರ ಹಿಂದಿರುಗಿಸುವ ಹತ್ತೊಂಬತ್ತನೇ ನಮೂನೆ ಹಿಡಿದುಕೊಂಡು ಸಿದ್ರಾ ಒಮ್ಮೆ ಕಚೇರಿಗೆ ಬಂದದ್ದೂ ಉಂಟು. ಕೌಂಟರಿನಲ್ಲಿ ಮುನಿಶಾಮಮ್ಮ ಅದನ್ನು ತಿರುವಿ ನೋಡಿ, "ಇದು ಕೊಟ್ರೆ ನಮ್ದು ಲೆಕ್ಕ ಸೊನ್ನೆ ಆಯ್ತದೆ ಕಣಮ್ಮ. ಆಗ್ಲಿ, ಕೊಡು, ನಿನ್ ಕೆಲ್ಸ ಆಗ್ಬೇಕಲ್ಲ," ಎಂದು ಮೊಹರು ಹುಡುಕತೊಡಗಿದಳು. ಸೊನ್ನೆಯಾದರೆ ಏನಾಗುತ್ತದೆ ಎಂದು ಸಿದ್ರಾ ಸುಗತನನ್ನು ಕೇಳಿದಳು. ಅವನು ಸುತ್ತೋಲೆ ತೋರಿಸಿದ. ಅವಳು ಓದಿ, ನಮೂನೆಯನ್ನು ವಾಪಸು ಬ್ಯಾಗಿನಲ್ಲಿಟ್ಟುಕೊಂಡು, ಮುನಿಶಾಮಮ್ಮನ ಜೊತೆ ಟೀ ಕುಡಿದು ಹೋದಳು.

ಸುದ್ದಿ ಹರಡಿತು. ಶಿವಾಜಿನಗರದಲ್ಲಿ ಪ್ಲಾಸ್ಟಿಕ್ ಬಕೆಟ್ ಮಾರುವ ವಕಾರ್ ಬಂದ. "ನಮ್ ಬಕೆಟ್ಟೂ ಇಂಗಾಲಾನೇ ಅಂತೆ ಸಾರ್," ಎಂದ. ಸಿದ್ರಾಳನ್ನು ಫೋನಿನಲ್ಲಿ ವಿಚಾರಿಸಿದಾಗ ಅವಳು ಹೌದೆಂದೇ ಹೇಳಬೇಕಾಯಿತು. ಬಣ್ಣ ಬಿಡುವುದಿಲ್ಲವಾದ್ದರಿಂದ ಪ್ರಥಮ ದರ್ಜೆ ಸಿಕ್ಕಿತು. ಟೈರಿನವರು ಬಂದರು, ನೈಲಾನ್ ಹಗ್ಗದವರು ಬಂದರು. ಉಪ್ಪಿನ ಮಂಡಿಯವರೊಬ್ಬರು ಬಂದಾಗ, ಇಂಗಾಲವಿಲ್ಲದ ಕಾರಣ ತಿರಸ್ಕರಿಸಲಾಯಿತು; ಅವರು ಕಚೇರಿಯ ನಿಷ್ಪಕ್ಷಪಾತವನ್ನು ಮೆಚ್ಚಿಕೊಂಡು ಹೋದರು. ಕೆಲಸ ಹೆಚ್ಚಿದ್ದರಿಂದ ಮಂಡಳಿಯವರು ಮೊದಲನೆಯ ಕಡತವನ್ನೇ ಮಾದರಿಯಾಗಿಟ್ಟು ನಮೂನೆಯನ್ನು ಪರಿಷ್ಕರಿಸಿದರು. ಜಮೀನಿನ ಪ್ರಶ್ನೆಗಳನ್ನೆಲ್ಲ ಕಾಲಬಾಹಿರವೆಂದು ತೆಗೆದುಹಾಕಿ, ಸಿದ್ರಾಳನ್ನು ಬುಧವಾರಗಳಂದು ತಜ್ಞ ಸದಸ್ಯೆಯಾಗಿ ಕರೆಸಿಕೊಂಡರು. ಅವಳು ಬರುತ್ತಿದ್ದಳು. ಮುನಿಶಾಮಮ್ಮನ ಪಕ್ಕದ ಕುರ್ಚಿ ಅವಳದು.

ಅಂಥ ಒಂದು ಬುಧವಾರ ಕಿತ್ತಗನೂರು ಕಡೆಯಿಂದ ರಾಮಾಂಜಿನಪ್ಪ ಎಂಬ ಮುದುಕರು ಬಂದರು. ಸುತ್ತ ನಾಲ್ಕು ಕಡೆ ಕಟ್ಟಡ ಎದ್ದ ಮೇಲೂ ಅವರಿಗೆ ಇಪ್ಪತ್ತು ಗುಂಟೆ ಉಳಿದಿತ್ತು. ರಾಸಾಯನಿಕ ಗೊಬ್ಬರವಾಗಲಿ ಔಷಧಿಯಾಗಲಿ ಮುಟ್ಟಿಸದೆ ಪಾಲಕ್ ಸೊಪ್ಪು ಬೆಳೆಯುತ್ತಿದ್ದರು. ಇಂದಿರಾನಗರದ ಅಂಗಡಿಯವರು ಸರ್ಟಿಫಿಕೇಟು ಇದ್ದರೆ ಮಾತ್ರ ಕೊಳ್ಳುತ್ತೇವೆ ಎಂದಿದ್ದರಂತೆ. ಸೊಪ್ಪಿನ ಕಟ್ಟೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು.

ಸುಗತ ಎದ್ದು ಅವರಿಗೆ ಕುರ್ಚಿ ಹಾಕಿದ. ಸೊಪ್ಪನ್ನು ಕೈಯಲ್ಲಿ ತೂಗಿ ನೋಡಿದ. ಇಂಥದನ್ನು ನೋಡಲೆಂದೇ ಓದಿ ಬಂದವನು ತಾನು ಎಂದು ಅವನಿಗೆ ನೆನಪಾಯಿತು. ಆಮೇಲೆ ಹೊಸ ನಮೂನೆ ತೆಗೆದ.

"ಅಣು ರಚನೆಯ ಚಿತ್ರ ಲಗತ್ತಿಸಬೇಕು ತಾತ."

"ಅದು ತಂದಿಲ್ವಲ್ಲ ಸಾಮಿ," ಎಂದರು ರಾಮಾಂಜಿನಪ್ಪ.

ಸಿದ್ರಾ ಹಾಳೆಯೊಂದನ್ನು ಎಳೆದುಕೊಂಡು, ಸೊಪ್ಪಿನ ನಾರಿನ ಅಣುಗಳನ್ನು ಉಂಗುರಕ್ಕೆ ಉಂಗುರ ಪೋಣಿಸಿ ಬರೆದುಕೊಟ್ಟಳು. ಮುದುಕರು ಅದನ್ನು ತುಂಬ ಹೊತ್ತು ನೋಡಿದರು. "ನಮ್ ಪಾಲಕ್ಕು ಒಳಗೆ ಹಿಂಗಿದೆಯಾ? ಅರವತ್ ವರ್ಸದಿಂದ ಬೆಳೀತಿದೀನಿ, ಗೊತ್ತೇ ಇರ್ಲಿಲ್ಲ."

ಶ್ರೀರಾಮಪ್ಪ ಒಳಗಿನಿಂದಲೇ, "ಎಂಟನೇ ಕಾಲಮ್ಮು ಬಿಡಬೇಡಿ ಸುಗತ," ಎಂದು ನೆನಪಿಸಿದರು.

ಸುಗತ ಎಂಟನೇ ಕಾಲಮ್ಮು ಓದಿದ. ಓದುವಾಗ ಅವನ ದನಿಯಲ್ಲಿ ಯಾವ ಏರಿಳಿತವೂ ಇರಲಿಲ್ಲ. "ಎಷ್ಟು ಸಲ ಚಾರ್ಜ್ ಆಗುತ್ತೆ ತಾತ?"

ರಾಮಾಂಜಿನಪ್ಪ ಯೋಚಿಸಿದರು. ಸರ್ಕಾರದವರು ಕೇಳಿದ ಮೇಲೆ ಅದಕ್ಕೊಂದು ಅರ್ಥ ಇದ್ದೇ ಇರುತ್ತದೆ. "ಕುಯ್ಕೊಂಡ್ ಮೇಲೆ ಮತ್ತೆ ಚಿಗುರ್ತದೆ ಸಾಮಿ. ಮತ್ತೆ ಕುಯ್ದ್ರೆ ಮತ್ತೆ ಚಿಗುರ್ತದೆ. ಮೂರು ಸಲ ಅಂತ ಹಾಕ್ಕೊಳಿ."

ಮೂರು ಎಂದು ಸುಗತ ಬರೆದ. ಸಿದ್ರಾ ತಜ್ಞೆಯಾಗಿ ಪಕ್ಕದಲ್ಲಿ ಸಹಿ ಮಾಡಿದಳು. ಆರುನೂರರ ಮುಂದೆ ಅದು ಕಡಿಮೆಯೇ ಆಯಿತು, ಆದರೂ ಸಮಿತಿ ಉದಾರವಾಗಿ ಯೋಚಿಸಿ ಪಾಲಕ್ಕಿಗೆ ಮೂರನೇ ದರ್ಜೆ ಮಂಜೂರು ಮಾಡಿತು. ರಾಮಾಂಜಿನಪ್ಪ ಪತ್ರವನ್ನು ಕಣ್ಣಿಗೊತ್ತಿಕೊಂಡು, ಮುಂದಿನ ಬೆಳೆಗೆ ನಾಲ್ಕು ಸಲ ಮಾಡಿಸಲು ನೋಡುತ್ತೇನೆ ಎಂದು ಹೇಳಿ, ಮೆಟ್ಟಿಲಿಳಿದು ಹೋದರು.